ಪುಟ್ಟಯ್ಯನ ಹಾಲುಹಲ್ಲು, ನನ್ನ ಮಡಿ

ಮೊನ್ನೆ ನಮ್ಮ ಹಿತ್ತಲಲ್ಲಿ ಕೈಪಂಪು ಹಾಕಿಸಲು ಗುಂಡಿ ತೋಡಿಸುತ್ತಿದ್ದಾಗ ಮಣ್ಣಿನ ಜೊತೆ ಒಂದು ಮೂಳೆ ಮೇಲೆ ಬಂತು. ಮದರಾಸಿನ ಬೆಸೆಂಟ್ ನಗರದ ಮಣ್ಣೆಂದರೆ ಮಣ್ಣಲ್ಲ, ಮರಳು. ಏನನ್ನು ಹೂತರೂ ಒಣಗಿಸಿ, ಬಿಳುಪು ಮಾಡಿ, ಜೋಪಾನವಾಗಿ ಇಟ್ಟುಕೊಂಡಿರುತ್ತದೆ. ಗುಂಡಿ ತೋಡುವ ಮುನುಸಾಮಿ ಅದನ್ನು ಗುದ್ದಲಿಯ ತುದಿಯಲ್ಲಿ ಎತ್ತಿ ಹಿಡಿದು ತುಳಸಿಕಟ್ಟೆಯನ್ನೊಮ್ಮೆ, ನನ್ನ ಹಣೆಯ ಕುಂಕುಮವನ್ನೊಮ್ಮೆ ನೋಡಿದ.

"ಅಮ್ಮಾ, ಇದು ಐಯರ್ ವೀಡು ದಾನೇ?" ಎಂದ. ಬ್ರಾಹ್ಮಣರ ಮನೆ ತಾನೇ ಎಂದು ಅವನಿಗೆ ಅನುಮಾನ ಬಂದಿತ್ತು.

"ಆಮಾಂ. ಎಲುಂಬೂ ನಮ್ಮದು ದಾನ್" ಎಂದೆ. ಹೌದು, ಮೂಳೆಯೂ ನಮ್ಮದೇ. ಪಕ್ಕದ ಮನೆಗೆ ಹೊಸದಾಗಿ ಬಂದಿರುವ ಮಾಮಿ ಕಾಂಪೌಂಡಿನ ಮೇಲಿಂದ ಇಣುಕುತ್ತಿದ್ದರು. ಅವರಿಗೂ ಕೇಳಿಸಲಿ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.

ನೀವೂ ಮೂಗು ಮುಚ್ಚಿಕೊಳ್ಳಬೇಡಿ. ದೇವರಿಗೆ ದೀಪ ಹಚ್ಚದೆ ನಾನು ಒಂದು ಲೋಟ ಕಾಫಿ ಕುಡಿದವಳಲ್ಲ. ಏಕಾದಶಿ ತಪ್ಪಿಸಿದವಳಲ್ಲ. ಮಟನ್ ಅಂಗಡಿಯ ಮುಂದೆ ನಿಂತು, ಮೂಳೆಗೆ ಉಗುರೊತ್ತಿ ನೋಡಿ, ಇದು ಬೇಡ ಅದು ಕೊಡು ಎಂದು ಆರಿಸಿ ತಂದವಳೂ ನಾನೇ. ಎರಡನ್ನೂ ಮಾಡಿದ್ದೇನೆ. ಒಂದಕ್ಕಾಗಿ ಇನ್ನೊಂದರ ಹತ್ತಿರ ಕ್ಷಮೆ ಕೇಳಬೇಕು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.

ನಾವು ಈ ಮನೆಗೆ ಬಂದದ್ದು ಎಪ್ಪತ್ತರ ದಶಕದಲ್ಲಿ. ಆಗ ಈ ಕಡೆ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ತಿರುವಲ್ಲಿಕ್ಕೇಣಿಯಲ್ಲಿದ್ದ ನೆಂಟರು, ಅದು ಮದರಾಸೇ ಅಲ್ಲ, ಸಮುದ್ರದ ಹಿತ್ತಲು ಎನ್ನುತ್ತಿದ್ದರು. ಗಾಳಿಗೆ ಕಿಟಕಿಯ ಸರಳು ತುಕ್ಕು ಹಿಡಿಯುತ್ತಿತ್ತು. ಉಪ್ಪಿನ ಜಾಡಿಯಲ್ಲಿ ಉಪ್ಪು ನೀರಾಗುತ್ತಿತ್ತು. ನಮ್ಮ ಯಜಮಾನರು ಇನ್ಶೂರೆನ್ಸ್ ಕಂಪನಿಯಲ್ಲಿದ್ದರು. ಎಗ್ಮೋರಿನಲ್ಲಿ ರೈಲು ಹತ್ತಿ ಮಧುರೆ, ತಿರುನೆಲ್ವೇಲಿ ಎಂದು ಹೊರಟರೆ ಬರುವಾಗ ಒಂದು ಮೂಟೆ ಕೊಳೆಬಟ್ಟೆಯ ಜೊತೆಗೇ ಬರುತ್ತಿದ್ದರು. ಹೆಣ್ಣುಮಕ್ಕಳಿಬ್ಬರೂ ಸ್ಕೂಲು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವ ವಯಸ್ಸು. ಉಳಿದವರು ನಾನು, ನಂಜನಗೂಡಿನಿಂದ ಮಡಿಯನ್ನು ಒಂದೆಳೆಯೂ ಸಡಿಲಿಸದೆ ತಂದಿದ್ದ ನಮ್ಮತ್ತೆ.

ಅಂಥ ಮನೆಗೆ ನಾಯಿ ಹೇಗೆ ಬಂತು ಎಂದರೆ, ನಡೆದುಕೊಂಡು ಬಂತು. ಒಂದು ಸಂಜೆ ಬೀಚಿಗೆ ಹೋಗಿದ್ದೆ. ಹುರಿದ ಕಡಲೆಯ ಬಣ್ಣದ ಮರಿಯೊಂದು ನನ್ನ ಸೀರೆಯ ಅಂಚಿನ ಹಿಂದೆಯೇ ಮರಳಲ್ಲಿ ಬೀಳುತ್ತ ಏಳುತ್ತ ಬಂತು. ತಿರುಗಿ ನೋಡಿದರೆ ಕೂರುತ್ತಿತ್ತು, ನಡೆದರೆ ಏಳುತ್ತಿತ್ತು. ಗೇಟಿನವರೆಗೂ ಬಂದು, ಒಳಗೆ ಬರಲೋ ಬೇಡವೋ ಎಂದು ನನ್ನ ಮುಖ ನೋಡಿತು. ಈ ಮನೆಯೊಳಗೆ ಬರುವ ಮುಂಚೆ ನನ್ನನ್ನು ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಬಾ ಎಂದೆ.

ಯಜಮಾನರು ಟೂರಿನಿಂದ ಬಂದವರು, "ಯಾರಿಗೆ ಬೇಕಿತ್ತು ಇದು?" ಎಂದರು. ಮಕ್ಕಳಿಗೆ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಕಳ್ಳರ ಕಾಟ ಎಂದಿದ್ದರೂ ಒಪ್ಪುತ್ತಿದ್ದರು. ಆ ಮನೆಯಲ್ಲಿ ಅದುವರೆಗೆ ನಾನು ಕೇಳಿದ್ದೆಲ್ಲ ಬೇರೆಯವರಿಗೋಸ್ಕರವೇ, ಅವರಿಗೆ ಬಿಸಿನೀರು, ಇವಳಿಗೆ ಯೂನಿಫಾರಂ, ಅತ್ತೆಗೆ ನಾರುಮಡಿ. ಒಂದು ಸಲ ನಿಜ ಹೇಳಿ ನೋಡೋಣ ಅನ್ನಿಸಿತು.

"ನನಗೆ ಬೇಕಿತ್ತು" ಎಂದೆ.

ಅವರು ನಾನು ಯಾವುದೋ ಪರಭಾಷೆಯಲ್ಲಿ ಮಾತಾಡಿದೆ ಎನ್ನುವ ಹಾಗೆ ನೋಡಿ ಸ್ನಾನಕ್ಕೆ ಹೋದರು. ಪುಟ್ಟಯ್ಯ ಎಂದು ಹೆಸರಿಟ್ಟೆ. "ನಾಯಿಗೆ ಅಯ್ಯ ಬೇರೆ. ನನ್ನ ಮಗನಿಗೂ ಯಾರೂ ಹಾಗೆ ಮರ್ಯಾದೆ ಕೊಡಲ್ಲ ಈ ಮನೇಲಿ" ಎಂದರು ಅತ್ತೆ.

ಮೊಸರನ್ನ ತಿಂದು ಮರಿ ಚೆನ್ನಾಗಿಯೇ ಬೆಳೆಯಿತು. ಆಮೇಲೆ ಹಲ್ಲು ಬದಲಾಗುವ ಕಾಲ ಬಂತು. ಮಗುವಿಗೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗದು ಎನ್ನುತ್ತಾರಲ್ಲ, ಪುಟ್ಟಯ್ಯನ ಸೋದರಮಾವ ಯಾರೋ, ಎಷ್ಟು ಕಷ್ಟಪಟ್ಟನೋ ಗೊತ್ತಿಲ್ಲ. ನಾವಂತೂ ಪಟ್ಟೆವು. ಒಂದು ಬೆಳಿಗ್ಗೆ ಜಗಲಿಯಲ್ಲಿ ಅಕ್ಕಿಕಾಳಿನಂಥದ್ದೇನೋ ಬಿದ್ದಿತ್ತು. ಬಗ್ಗಿ ನೋಡಿದರೆ ಅವನ ಹಾಲುಹಲ್ಲು. ಚಿಕ್ಕವಳು ಅದನ್ನು ಸಗಣಿಯಲ್ಲಿ ಸುತ್ತಿ, ತನ್ನ ಹಲ್ಲಿಗೆ ಮಾಡುವ ಹಾಗೆಯೇ, ಟೆರೇಸಿನ ಮೇಲೆ ಎಸೆದಳು. ಅಷ್ಟರಲ್ಲಿ ಅವನು ಎರಡು ಜೊತೆ ಚಪ್ಪಲಿ, ಆಫೀಸ್ ಬ್ಯಾಗಿನ ಪಟ್ಟಿ, ಊಟದ ಮಣೆಯ ಕಾಲು ಇವಿಷ್ಟನ್ನೂ ಮುಗಿಸಿದ್ದ. ಕೊನೆಗೆ ಒಂದು ದಿನ ಅತ್ತೆಯ ಮಡಿಕೋಲಿಗೆ ಬಾಯಿ ಹಾಕಿದ.

ಮಡಿಕೋಲು ಎಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಒಗೆದ ಬಟ್ಟೆಯನ್ನು ಯಾರೂ ಮುಟ್ಟದ ಹಾಗೆ ಎತ್ತರದ ಗಳುವಿನ ಮೇಲೆ ಹರವುವುದಕ್ಕೂ, ಒಣಗಿದ ಮೇಲೆ ಇಳಿಸಿಕೊಳ್ಳುವುದಕ್ಕೂ ಇರುವ ಉದ್ದನೆಯ ಬಿದಿರುಕೋಲು. ಅತ್ತೆ ಅದನ್ನು ನನ್ನ ಕೈಗೂ ಕೊಟ್ಟವರಲ್ಲ. ಅದರ ಬುಡವನ್ನು ಪುಟ್ಟಯ್ಯ ಕಬ್ಬಿನ ಹಾಗೆ ಸಿಗಿದು, ಜಗಿದು, ಕಣ್ಣುಮುಚ್ಚಿ ಆನಂದಪಡುತ್ತಿದ್ದ.

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಧೈರ್ಯವಿರುತ್ತಿತ್ತು. ಮಗನನ್ನು ಕರೆದು, "ಮುಂದಿನ ಶುಕ್ರವಾರ ಭಜನೆಯೋರು ಬರೋ ಹೊತ್ತಿಗೆ ಇದು ಈ ಮನೇಲಿರಬಾರದು ಕಣಪ್ಪ. ಇದ್ರೆ ನಾನಿರಲ್ಲ" ಎಂದರು.

"ಎಲ್ಲಿಂದ ಬಂತೋ ಅಲ್ಲಿಗೇ ಬಿಟ್ಟು ಬಂದ್ರಾಯ್ತು. ಬೀಚೇನು ದೂರಾನೇ" ಎಂದರು ಇವರು.

"ಹಲ್ಲು ಬರೋದು ತಪ್ಪೇನ್ರೀ? ಕಡಿಯೋಕೆ ಸರಿಯಾದ್ದು ಸಿಕ್ಕಿದ್ರೆ ಕೋಲು ಯಾಕೆ ಕಡೀತಾನೆ? ಅದನ್ನ ನಾನು ಹುಡುಕ್ತೀನಿ."

"ಶುಕ್ರವಾರದೊಳಗೆ ಹುಡುಕು" ಎಂದರು.

ಹುಡುಕಿದೆ. ಗಟ್ಟಿಯಾದದ್ದು ನಮ್ಮಂಥವರ ಅಡುಗೆಮನೆಯಲ್ಲಿ ಏನಿದೆ ಹೇಳಿ. ನುಗ್ಗೆಕಾಯಿ ಕೊಟ್ಟೆ. ನಾರು ಗಂಟಲಿಗೆ ಸುತ್ತಿಕೊಂಡು ಕೆಮ್ಮಿದ. ತೆಂಗಿನ ಚಿಪ್ಪು ಕೊಟ್ಟೆ. ಒಡೆದ ಅಂಚು ವಸಡಿಗೆ ತಾಗಿ ರಕ್ತ ಬಂತು. ಕ್ಯಾರೆಟ್ಟನ್ನು ಮಡಕೆ ನೀರಿನಲ್ಲಿ ತಂಪು ಮಾಡಿ ಕೊಟ್ಟೆ. ಒಂದು ಗಳಿಗೆಯಲ್ಲಿ ಅದು ಹೊಟ್ಟೆ ಸೇರಿತು. ಹಳೆಯ ಪಂಚೆಯನ್ನು ಗಂಟು ಹಾಕಿ ಒದ್ದೆ ಮಾಡಿ ಕೊಟ್ಟದ್ದು ಸ್ವಲ್ಪ ನಡೆಯಿತು, ಆದರೆ ಎಳೆ ಎಳೆಯಾಗಿ ನುಂಗತೊಡಗಿದ. ಕಡೆಗೆ ಕೋಡುಬಳೆ ಮಾಡಿ ಗಟ್ಟಿಯಾಗಿ ಕರಿದೆ. "ಬೇರೆ ಮಾಡೋದೇನು ಬಂತು, ನೀನು ದಿನಾ ಮಾಡೋ ಚಪಾತೀನೇ ಹಾಕು" ಎಂದರು ಯಜಮಾನರು. ಪುಟ್ಟಯ್ಯ ಅದನ್ನು ಮೂಸಿ, ನನ್ನ ಮನಸ್ಸು ನೋಯಬಾರದು ಎಂದು ಒಂದು ಸಲ ನೆಕ್ಕಿ, ಮತ್ತೆ ಮಡಿಕೋಲಿನ ಕಡೆ ನಡೆದ.

ಆಗ ಎದುರುಮನೆಯ ಸರೋಜಾ, ಮಿಲಿಟರಿಯಿಂದ ರಿಟೈರಾಗಿದ್ದವರೊಬ್ಬರ ಹೆಂಡತಿ, "ಎಲುಂಬು ಕುಡುಂಗೊ ಅಕ್ಕಾ" ಎಂದಳು. ಮೂಳೆ ಕೊಡಿ ಎಂದು. ನಮ್ಮವರಿಗೆ ಹೇಳಿದೆ. ಅವರು ತುಂಬಾ ಹೊತ್ತು ಯೋಚಿಸಿ ನ್ಯಾಯ ತೀರಿಸಿದರು: "ಹಸಿ ಮೂಳೆ ಬೇಡವೇ ಬೇಡ, ಘೋರ. ಅವರ ಮನೆ ಸಾರಲ್ಲಿ ಬೆಂದದ್ದಾದ್ರೆ ಪರವಾಗಿಲ್ಲ. ಬೆಂದದ್ದು ಅಂದ್ರೆ ಅಡುಗೆ ತಾನೇ." ನನಗೂ ಸರಿ ಎನ್ನಿಸಿತು. ಬೇಯಿಸಿದ್ದು ಮೆತ್ತಗೆ, ಬೇಯಿಸಿದ್ದು ಸೌಮ್ಯ, ಹಾಲಿನಿಂದ ಹಿಡಿದು ಹುರುಳಿಯವರೆಗೆ ಬೆಂಕಿ ಕಂಡದ್ದೆಲ್ಲ ಒಳ್ಳೆಯದು ಎಂದೇ ನಾವು ಬೆಳೆದವರು. ಮಾಂಸ ತಿನ್ನುವವರಾರೂ ಮಾಡದ ಲೆಕ್ಕಾಚಾರ ಅದು. ಸರೋಜಾ ಬುಧವಾರ ತನ್ನ ಮನೆಯ ಕುಳಂಬಿನಲ್ಲಿ, ಅಂದರೆ ಸಾರಿನಲ್ಲಿ, ಬೆಂದ ಮೂಳೆಯನ್ನು ತೊಳೆದು ಕಳಿಸಿದಳು.

ಬೆಂದ ಮೂಳೆ ಮೆತ್ತಗಾಗುವುದಿಲ್ಲ, ಬಿದಿರಿನ ಹಾಗೆ ಸೀಳುತ್ತದೆ. ಒಂದು ಚಕ್ಕೆ ಅವನ ಅಂಗುಳಿಗೆ ಅಡ್ಡಡ್ಡ ಸಿಕ್ಕಿಹಾಕಿಕೊಂಡಿತು. ಬಾಯಿ ಮುಚ್ಚಲಾರ, ಬಿಡಲಾರ. ಮುಂಗಾಲಿನಿಂದ ಮುಖವನ್ನು ಉಜ್ಜಿಕೊಂಡು ಗೋಡೆಗುಂಟ ಓಡಿದ. ಯಜಮಾನರು ಆಫೀಸಿನಲ್ಲಿ. ತರಕಾರಿ ಚೀಲದಲ್ಲಿ ಅವನನ್ನು ಕೂರಿಸಿಕೊಂಡು, ಆಟೋ ಹಿಡಿದು ವೇಪೇರಿಯ ಪ್ರಾಣಿಗಳ ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ರಾಯರ ಸ್ತೋತ್ರ ಹೇಳಿಕೊಂಡೆ. ಹೇಳಬಾರದಿತ್ತೇ? ನನಗೆ ಬೇರೆ ಏನೂ ಬರುತ್ತಿರಲಿಲ್ಲ.

ಡಾಕ್ಟರು ವಯಸ್ಸಾದವರು. ಇಕ್ಕಳದಿಂದ ಚಕ್ಕೆ ತೆಗೆದು ತಟ್ಟೆಗೆ ಹಾಕಿ, ನನ್ನ ಹಣೆ ನೋಡಿ, "ನೀಂಗ ಸೈವಂ ದಾನೇ?" ಎಂದು ಕೇಳಿದರು. ಸಸ್ಯಾಹಾರಿಗಳು ತಾನೇ ಎಂದು. ಹೌದೆಂದೆ. ಅದಕ್ಕೇ ಬೇಯಿಸಿದ್ದು ಕೊಟ್ಟಿದ್ದೀರಿ, ನಿಮ್ಮವರೆಲ್ಲ ಮಾಡುವುದು ಇದನ್ನೇ ಎಂದು ನಕ್ಕರು. ಆಮೇಲೆ ತಮಿಳಿನಲ್ಲೇ ನಿಧಾನವಾಗಿ ತಿಳಿಸಿದರು. ಮೂಳೆ ಹಸಿಯದೇ ಆಗಬೇಕು, ಅಂದಿನದೇ ಆಗಬೇಕು. ಅವನ ಬಾಯಿಗಿಂತ ದೊಡ್ಡದಿರಬೇಕು, ನುಂಗಲಾಗಬಾರದು. ಕೀಲಿನ ಕಡೆಯದು ಒಳ್ಳೆಯದು, ತುದಿಯಲ್ಲಿ ಬೆಳ್ಳಗೆ ಮೆತ್ತನೆಯ ಭಾಗವಿರುತ್ತದೆ. ಹೆಬ್ಬೆರಳಿನ ಉಗುರು ಒತ್ತಿ ನೋಡಿ, ಗುರುತೇ ಬೀಳದಷ್ಟು ಗಟ್ಟಿ ಇದ್ದರೆ ಎಳೆಹಲ್ಲು ಮುರಿಯುತ್ತದೆ. ಕೋಳಿಯದು ಬೇಡ. ಕೊಟ್ಟು ಒಳಗೆ ಹೋಗಬೇಡಿ, ಪಕ್ಕದಲ್ಲಿ ಕೂತು ನೋಡಿ, ಸಣ್ಣದಾದ ಕೂಡಲೇ ಕಿತ್ತುಕೊಳ್ಳಿ. ಕೊನೆಗೆ ಅವರೇ ಮುಜುಗರಪಟ್ಟು, "ಯಾರಾದರೂ ಕೆಲಸದವರ ಕೈಲಿ ತರಿಸಿಕೊಳ್ಳಿ" ಎಂದರು.

ಬರುವಾಗ ಆಟೋದಲ್ಲಿ ಅದೇ ಮಾತು ತಲೆಯಲ್ಲಿ ಓಡುತ್ತಿತ್ತು. ಕೆಲಸದವಳ ಕೈಲಿ ತರಿಸಿದರೆ ಪಾಪ ಅವಳದು, ನಾಯಿ ನನ್ನದು. ಇದು ಯಾವ ಊರಿನ ಮಡಿ? ಬೇಕು ಎಂದವಳು ನಾನು. ತರುವವಳೂ ನಾನೇ.

ಮರುದಿನ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಚೀಲ ಹಿಡಿದು ಅತ್ತೆಯ ಮುಂದೆ ನಿಂತೆ. ಕದ್ದು ಹೋಗುವ ಕೆಲಸವಲ್ಲ ಎಂದು ನಿರ್ಧರಿಸಿದ್ದೆ.

"ಅತ್ತೆ, ಮಟನ್ ಅಂಗಡಿಗೆ ಹೋಗಿ ಬರ್ತೀನಿ."

ಅತ್ತೆ ಜಪದಿಂದ ಕಣ್ಣು ತೆರೆದು, "ಯಾಕೆ, ನನ್ನ ತಿಥಿಗಾ?" ಎಂದರು.

"ನಾಯಿಗೆ" ಎಂದೆ. ಅವರು ಮತ್ತೆ ಕಣ್ಣು ಮುಚ್ಚಿದರು. ಅದಾದ ಮೇಲೆ ನನ್ನ ಜೊತೆ ಮಾತು ಬಿಟ್ಟರು.

ಅಂಗಡಿಯ ಮುಂದೆ ನಿಂತಿದ್ದವರು ನನ್ನನ್ನು ನೋಡಿ ದಾರಿ ಬಿಟ್ಟರು. ದೇವರ ಪಲ್ಲಕ್ಕಿಗೂ ಅಷ್ಟು ಬೇಗ ಬಿಡುವುದಿಲ್ಲ. ಅಂಗಡಿಯವನು, ತಪ್ಪಿ ಬಂದಿದ್ದೀರಿ ಎಂದು ನಯವಾಗಿ, "ಕಾಯ್ಕರಿ ಕಡೆ ಅಂದ ಪಕ್ಕಂ, ಮಾಮಿ" ಎಂದ. ತರಕಾರಿ ಅಂಗಡಿ ಆ ಕಡೆ. ವಾಸನೆ ತಡೆಯಲಾಗುತ್ತಿರಲಿಲ್ಲ, ಸುಳ್ಳೇಕೆ ಹೇಳಲಿ. ಸೆರಗನ್ನು ಮೂಗಿಗೆ ಹಿಡಿಯಬೇಕು ಎಂದು ಕೈ ಮೇಲೆ ಬಂತು. ಅಲ್ಲಿ ನಿಂತವರ ಊಟಕ್ಕೆ ಅವಮಾನ ಮಾಡಿದ ಹಾಗಾಗುತ್ತದೆ ಎಂದು ಇಳಿಸಿದೆ. ಎಲುಂಬು ಬೇಕು, ಕೀಲಿನದು, ನಾಯಿಮರಿಗೆ ಎಂದೆ. ಅವನು ಕೊಟ್ಟದ್ದಕ್ಕೆ ಉಗುರೊತ್ತಿದೆ. ಕಲ್ಲಿನ ಹಾಗಿತ್ತು. ಬೇಡ ಎಂದೆ. ಇನ್ನೊಂದು ಕೊಟ್ಟ. ಚಿಕ್ಕದು. ಬೇಡ ಎಂದೆ. "ಬದನೇಕಾಯಿ ಆರಿಸೋ ಹಾಗೆ ಆರಿಸ್ತಾರಲ್ಲಪ್ಪಾ" ಎಂದು ಹಿಂದೆ ಯಾರೋ ತಮಿಳಿನಲ್ಲಿ ಹೇಳಿದರು, ಎಲ್ಲರೂ ನಕ್ಕರು. ನಾನೂ ನಕ್ಕೆ. ನನಗೆ ಗೊತ್ತಿದ್ದದ್ದು ಬದನೇಕಾಯಿ ಆರಿಸುವುದೊಂದೇ ತಾನೇ.

ಮನೆಗೆ ಬಂದು ಹಿತ್ತಲಿನ ಮೂಲೆಯ ಕಲ್ಲಿನ ಮೇಲೆ ಹಾಕಿ, ಎದುರಿಗೆ ಕುಕ್ಕರಗಾಲಲ್ಲಿ ಕೂತೆ. ಪುಟ್ಟಯ್ಯ ಎರಡು ಕಾಲಲ್ಲಿ ಮೂಳೆಯನ್ನು ತಬ್ಬಿಕೊಂಡ. ಅವನ ಮುಖದಲ್ಲಿ ಬಂದ ಶಾಂತಿಯನ್ನು ನಾನು ಎಷ್ಟೋ ಪೂಜೆಗಳಲ್ಲಿ ಕೂತವರ ಮುಖದಲ್ಲಿ ಕಂಡಿಲ್ಲ. ಸಣ್ಣದಾದಾಗ ಕಿತ್ತುಕೊಂಡೆ. ಕಲ್ಲು ತೊಳೆದೆ, ತಲೆಗೆ ಸ್ನಾನ ಮಾಡಿದೆ, ಆಮೇಲೆ ದೇವರ ಮನೆ, ಆಮೇಲೆ ಒಲೆ. ಇದೇ ಮುಂದೆ ನನ್ನ ಕ್ರಮವಾಯಿತು. ಮಂಗಳವಾರ, ಶುಕ್ರವಾರ ಇಲ್ಲ, ಏಕಾದಶಿ ಇಲ್ಲ. ಅವನಿಗೂ ಅಷ್ಟು ಪುಣ್ಯ ಬಂದಿರಬೇಕು. ಆ ಗುರುವಾರವೆಲ್ಲ ಅವನು ಮಡಿಕೋಲಿನ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಅತ್ತೆ ಹೇಳಿದ್ದು ಹೇಳಿದ್ದೇ. ಮಾತು ಬಿಟ್ಟವರು ಮಾತು ಹಿಂತೆಗೆದುಕೊಳ್ಳುವುದಾದರೂ ಹೇಗೆ.

ಶುಕ್ರವಾರ ಬಂತು. ನಮ್ಮ ಮನೆಯ ಭಜನೆಗೆ ಅಡ್ಯಾರು, ಮೈಲಾಪುರದಿಂದೆಲ್ಲ ಕನ್ನಡದ ಹೆಂಗಸರು ಬರುತ್ತಿದ್ದರು. ವಾರಕ್ಕೊಂದು ಸಲ ಕನ್ನಡ ಬಾಯಿತುಂಬ ಆಡುವ ಜಾಗ ಅದು. ಮುಂದಾಳು ಜಲಜಮ್ಮ, ಬ್ಯಾಂಕ್ ಮ್ಯಾನೇಜರ ಹೆಂಡತಿ. ಪುಟ್ಟಯ್ಯನನ್ನು ಹಿತ್ತಲಲ್ಲಿ ಕಟ್ಟಿದ್ದೆ. ಯಜಮಾನರು ಚಪ್ಪಲಿ ಮೆಟ್ಟಿ ಹಗ್ಗ ಹಿಡಿದು ಹಿಂಬಾಗಿಲಲ್ಲೇ ನಿಂತಿದ್ದರು, ತಾಯಿಯ ಒಂದು ಮಾತಿಗೆ ಕಾಯುತ್ತ.

ಜಲಜಮ್ಮ ಕೂತು, ತಾಳ ತೆಗೆಯದೆ, "ನಾನಂತೂ ನಂಬ್ಲೇ ಇಲ್ಲಮ್ಮ. ನಿಮ್ಮ ಹಾಗೇ ಇರೋ ಬೇರೆ ಯಾರೋ ಅಂದ್ಕೊಂಡೆ. ನಮ್ಮ ಡ್ರೈವರ್ರು, ಇಲ್ಲ ಅಮ್ಮಾ ಅವರೇ, ಮೂಳೆ ಆರಿಸ್ತಾ ಇದ್ರು ಅಂದ" ಎಂದರು.

"ಅವರು ಸರಿಯಾಗೇ ನೋಡಿದಾರೆ" ಎಂದೆ.

"ಕಟುಕನ ಅಂಗಡಿ ಮುಟ್ಟಿದ ಕೈಯಲ್ಲಿ ಆರತಿ ಎತ್ತೋದು ಅಂದ್ರೆ..."

"ಕೈ ತೊಳ್ಕೊಂಡಿದೀನಿ ಜಲಜಮ್ಮ. ತಲೆಗೂ ನೀರು ಹಾಕ್ಕೊಂಡಿದೀನಿ. ಅಲ್ಲಿ ನೋಡಿ, ದತ್ತಾತ್ರೇಯನ ಪಟ. ಕಾಲ ಹತ್ರ ನಾಲ್ಕು ನಾಯಿ ಇವೆ. ದಿನಾ ಕೈ ಮುಗೀತೀರಿ. ಅವು ಏನು ತಿಂತಾ ಇದ್ವು ಅಂತ ಯಾವತ್ತಾದ್ರೂ ಕೇಳಿದೀರಾ?"

ಯಾರೋ ಕಿಸಕ್ಕೆಂದರು. ಜಲಜಮ್ಮನ ಮುಖ ಕೆಂಪಾಯಿತು. ಅವರು ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿ, "ನೀವಾದ್ರೂ ಸೊಸೆಗೆ ಬುದ್ಧಿ ಹೇಳಬಾರದೇ ದೊಡ್ಡಮ್ಮ?" ಎಂದರು.

ನಾನು ಹಿಂಬಾಗಿಲ ಕಡೆ ನೋಡಿದೆ. ಅತ್ತೆ ಹೂಂ ಎಂದರೆ ಸಾಕು, ಹಿಂಬಾಗಿಲಲ್ಲಿ ಹಗ್ಗ ಹೊರಡುತ್ತಿತ್ತು. ಅತ್ತೆ ಜಪಸರವನ್ನು ಚೀಲಕ್ಕೆ ಹಾಕಿ, ಚೀಲದ ದಾರ ಬಿಗಿದು, ನಿಧಾನವಾಗಿ ಬಾಯಿ ತೆರೆದರು.

"ಹೇಳ್ತೀನಿ. ದಿನಾ ಹೇಳ್ತೀನಿ. ಅವಳನ್ನ ಬೈಯೋಕೆ ನಾನಿದೀನಿ, ನೀವ್ಯಾಕೆ ದಣೀತೀರಿ. ನಮ್ಮನೆ ನಾಯಿ ಏನು ತಿನ್ನುತ್ತೆ ಅಂತ ನಾವು ನೋಡ್ಕೋತೀವಿ. ಪದ ಶುರು ಮಾಡಿ, ಹೊತ್ತಾಯ್ತು."

ಹಿಂಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು.

ಅತ್ತೆಗೆ ನಾಯಿಯ ಮೇಲೆ ಅಂದು ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು ಎಂದು ನಾನು ಕಥೆ ಕಟ್ಟುವುದಿಲ್ಲ. ಅವರು ಕೊನೆಯವರೆಗೂ ಅದನ್ನು ಮುಟ್ಟಲಿಲ್ಲ. ತಮ್ಮ ಸೊಸೆಯನ್ನು ಹೊರಗಿನವಳೊಬ್ಬಳು ಅಂದದ್ದು ಅವರಿಗೆ ಸಹಿಸಲಾಗಲಿಲ್ಲ, ಅಷ್ಟೇ. ಆದರೆ ಕೋಪದಲ್ಲಿ ಬಾಯಿಂದ ಬಂದದ್ದು "ನಮ್ಮನೆ ನಾಯಿ" ಎಂದು. ಒಮ್ಮೆ ಹೇಳಿದ್ದನ್ನು ಹಿಂತೆಗೆದುಕೊಳ್ಳದ ಹೆಂಗಸು ಎಂದೆನಲ್ಲ, ಆ ಗುಣ ಈ ಸಲ ನಮ್ಮ ಕಡೆ ಕೆಲಸ ಮಾಡಿತು. ಭಗವಂತ ಕೊಡುವಾಗ ಹೀಗೆಯೇ, ಯಾವುದೋ ಒರಟು ಪಾತ್ರೆಯಲ್ಲಿ ಸುರಿದುಕೊಡುತ್ತಾನೆ.

ಭಜನೆ ಮುಂದಿನ ವಾರದಿಂದ ಜಲಜಮ್ಮನ ಮನೆಗೆ ಹೋಯಿತು. ಹೋಗಲಿ ಎಂದೆ. ಬಾಯಿತುಂಬ ಕನ್ನಡ ಆಡುವ ಸಂಜೆ ಹೋಯಿತಲ್ಲ ಎಂದು ಸಂಕಟವಾಗಲಿಲ್ಲವೇ ಎಂದರೆ, ಆಯಿತು. ಆದರೆ ಶುಕ್ರವಾರ ತಪ್ಪಿಸಲಿಲ್ಲ. ನಾನು, ಅತ್ತೆ ಇಬ್ಬರೇ ಹಾಡಿಕೊಂಡೆವು. ಅತ್ತೆಯದು ಒಡೆದ ಕಂಠ, ನನಗೆ ತಾಳ ತಪ್ಪುತ್ತದೆ. ಹೊಸ್ತಿಲಾಚೆ ಪುಟ್ಟಯ್ಯ ಮುಖ ಮೇಲೆತ್ತಿ ಊಳಿಡುತ್ತಿದ್ದ. "ಶ್ರುತಿ ಅವನದೇ ಸರಿ ಇದೆ ಕಣೇ" ಎಂದರು ಅತ್ತೆ ಒಂದು ದಿನ. ಮಾತು ಬಿಟ್ಟ ಮೇಲೆ ನನ್ನ ಜೊತೆ ಆಡಿದ ಮೊದಲನೆಯ ಮಾತು ಅದು. ಆಮೇಲೆ ನಾನು ಒಲೆಯ ಗಡಿಬಿಡಿಯಲ್ಲಿ ಹಿತ್ತಲನ್ನು ಮರೆತರೆ, "ಆ ಮೂಳೆ ಸಣ್ಣದಾಯ್ತು, ಹೋಗಿ ಕಿತ್ಕೋ" ಎಂದು ಕಿಟಕಿಯಿಂದ ಕೂಗುತ್ತಿದ್ದರು. ಕಿತ್ತುಕೊಳ್ಳುವ ಮೊದಲೇ ಅವನು ಎಷ್ಟನ್ನು ಹೂತಿಟ್ಟನೋ.

ಪುಟ್ಟಯ್ಯ ತುಂಬು ಆಯುಸ್ಸು ಬದುಕಿ, ಹಲ್ಲೆಲ್ಲ ಸವೆದು, ಮತ್ತೆ ಮೊಸರನ್ನಕ್ಕೆ ಬಂದು ಹೋದ. ಅತ್ತೆ ಅವನಿಗಿಂತ ಸ್ವಲ್ಪ ಮುಂಚೆ ಹೋದರು. ಅಂದು ದತ್ತಾತ್ರೇಯನ ಪಟ ತೋರಿಸಿ ನಾನೇ ಗೆದ್ದೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಒಳ್ಳೆಯ ಮಾತೇ ಅದು, ಈಗಲೂ ಹೇಳುತ್ತೇನೆ. ಆದರೆ ನಾಯಿಯನ್ನು ಉಳಿಸಿದ್ದು ಅದಲ್ಲ. ಉಳಿಸಿದ್ದು ವಾದವೇ ಇಲ್ಲದ ಅತ್ತೆಯ ಒಂದು ಮಾತು.

ನಿನ್ನೆ ಪಂಪಿನಲ್ಲಿ ನೀರು ಬಂತು. ಮೊದಲು ಕೆಸರು, ಆಮೇಲೆ ತಿಳಿ. ಈ ಬೇಸಿಗೆಯಲ್ಲಿ ಬೀದಿಯ ಕೊನೆಯವರೆಗೂ ಲಾರಿ ನೀರಿಗೆ ಕೊಡ ಸಾಲಿಡುವ ಹೊತ್ತಿನಲ್ಲಿ, ನಮ್ಮ ಹಿತ್ತಲಲ್ಲೇ ನೀರು, ಅದೂ ಉಪ್ಪಿಲ್ಲದ್ದು. ಪಕ್ಕದ ಮಾಮಿ ಕಾಂಪೌಂಡಿಗೆ ಬಂದು, ಸಂಕೋಚದಿಂದ ಕೇಳಿದರು, ಗುಂಡಿಯಲ್ಲಿ ಅಂಥದ್ದು ಸಿಕ್ಕಿತಲ್ಲ, ಪುರೋಹಿತರನ್ನು ಕರೆಸಿ ಒಂದು ಶುದ್ಧಿ ಮಾಡಿಸುವುದಿಲ್ಲವೇ, ಕುಡಿಯುವ ನೀರಲ್ಲವೇ ಎಂದು. ನನ್ನ ಬಾಯಲ್ಲಿ ಉತ್ತರಗಳೆಲ್ಲ ಸಾಲಾಗಿ ನಿಂತವು, ಹಳೆಯವೂ ಹೊಸವೂ. ಒಂದನ್ನೂ ಆಡಲಿಲ್ಲ. ಪಂಪಿಗೆ ಬೊಗಸೆಯೊಡ್ಡಿ ಹೊಟ್ಟೆತುಂಬ ಕುಡಿದೆ. ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಕೊಡಂ ಕೊಂಡಾಂಗೊ ಮಾಮಿ" ಎಂದೆ. ಕೊಡ ತನ್ನಿ.

ಅವರು ಒಳಗೆ ಹೋದರು. ಕೊಡ ತರಲು ಹೋದರೋ, ಬಾಗಿಲು ಹಾಕಿಕೊಳ್ಳಲು ಹೋದರೋ, ನಾನು ತಿರುಗಿ ನೋಡಲಿಲ್ಲ. ಪಂಪು ಒತ್ತುತ್ತಲೇ ಇದ್ದೆ.